ಇಂಗ್ಲಿಷ್ ಪತ್ರವ್ಯವಹಾರದಲ್ಲಿ ಸರಿಯಾದ ಸರ್ವನಾಮದ ಆಯ್ಕೆ: ಗ್ರಾಮ ಪಂಚಾಯತ್ ಸದಸ್ಯರಿಗೊಂದು ಪಾಠ

ಪೀಠಿಕೆ

ಕಬಕದ ಜನರಿಗೆ ಎರಡು ದೊಡ್ಡ ದಾರಿಗಳ ಪರಿಚಯ ದಿನನಿತ್ಯದ್ದು. ಒಂದು, ಮಾಣಿಯಿಂದ ಪುತ್ತೂರು, ಸುಳ್ಯ, ಮಡಿಕೇರಿಗಳ ಮೂಲಕ ಮೈಸೂರಿನತ್ತ ಸಾಗುವ 275ನೇ ರಾಷ್ಟ್ರೀಯ ಹೆದ್ದಾರಿ. ಇನ್ನೊಂದು, ಮಂಗಳೂರು–ಹಾಸನ ರೈಲುಮಾರ್ಗ. ಆ ಮಾರ್ಗದ ಪುತ್ತೂರು ನಿಲ್ದಾಣದ ಹೆಸರಿನಲ್ಲಿ ಕಬಕವೇ ಮೊದಲು ಬರುತ್ತದೆ: ಕಬಕ-ಪುತ್ತೂರು. ಹೆದ್ದಾರಿಯ ಬದಿಯ ಚರಂಡಿ, ಹಳಿಯ ಅಡಿಯ ಮೋರಿ, ಮಳೆನೀರು ಹರಿದುಹೋಗುವ ತೋಡು ಮುಂತಾದ ವಿಷಯಗಳು ಸಾಮಾನ್ಯ ಸಭೆಗೆ ಬಂದಾಗ ಪಂಚಾಯತಿನ ಪತ್ರವು ತಾಲೂಕು ಕಚೇರಿಗೆ ಮಾತ್ರ ಹೋದರೆ ಸಾಲದು. ರಾಷ್ಟ್ರೀಯ ಹೆದ್ದಾರಿಯ ಕಚೇರಿಗೂ ನೈಋತ್ಯ ರೈಲ್ವೆಯ ಮೈಸೂರು ವಿಭಾಗಕ್ಕೂ ಹೋಗಬೇಕಾಗುತ್ತದೆ.

ರಾಜ್ಯದ ಆಡಳಿತ ಭಾಷೆ ಕನ್ನಡ. 1963ರ ಕರ್ನಾಟಕ ರಾಜಭಾಷಾ ಕಾಯಿದೆಯು ಇದನ್ನು ನಿಶ್ಚಯಿಸಿದೆ. ಗ್ರಾಮ ಪಂಚಾಯತಿನ ನಡಾವಳಿ, ನಿರ್ಣಯ, ರಾಜ್ಯದ ಕಚೇರಿಗಳೊಡನೆ ನಡೆಯುವ ಪತ್ರವ್ಯವಹಾರ ಇವೆಲ್ಲ ಕನ್ನಡದಲ್ಲೇ ಇರತಕ್ಕದ್ದು. ಆದರೆ ಕೇಂದ್ರ ಸರಕಾರದ 1976ರ ರಾಜಭಾಷಾ ನಿಯಮಗಳಲ್ಲಿ ಕರ್ನಾಟಕವು 'ಸಿ' ವಲಯಕ್ಕೆ ಸೇರಿದೆ. ಕೇಂದ್ರದ ಕಚೇರಿಗಳು ಈ ವಲಯದ ಕಚೇರಿಗಳಿಗೂ ವ್ಯಕ್ತಿಗಳಿಗೂ ಬರೆಯುವ ಪತ್ರಗಳು ಇಂಗ್ಲಿಷಿನಲ್ಲಿರಬೇಕೆಂದು ಆ ನಿಯಮಗಳು ಹೇಳುತ್ತವೆ. ಹೀಗಾಗಿ ಇಂಗ್ಲಿಷ್ ಪತ್ರವನ್ನು ಓದಿ ಅರ್ಥಮಾಡಿಕೊಳ್ಳುವ, ಅದಕ್ಕೆ ಸಿದ್ಧಪಡಿಸಿದ ಉತ್ತರವನ್ನು ಸಭೆಯಲ್ಲಿ ಪರಿಶೀಲಿಸುವ ಹೊಣೆ ಸದಸ್ಯರ ಮೇಲೂ ಬರುತ್ತದೆ.

ಇಂಥ ಪತ್ರಗಳಲ್ಲಿ ದೊಡ್ಡ ಪದಗಳಿಂದ ತೊಂದರೆಯಾಗುವುದು ಕಡಿಮೆ. ಅವುಗಳಿಗೆ ನಿಘಂಟು ಇದೆ. ತೊಂದರೆಯಾಗುವುದು 'ಐ', 'ವಿ', 'ಇಟ್', 'ದೇ' ಎಂಬ ಚಿಕ್ಕ ಪದಗಳಿಂದ. ಒಂದು ಕಲ್ಪಿತ ಉದಾಹರಣೆಯನ್ನು ನೋಡಬಹುದು. ಚರಂಡಿಯ ಕಾಮಗಾರಿಯ ಸಂದರ್ಭದಲ್ಲಿ ಒಡೆದ ನೀರಿನ ಕೊಳವೆಯ ಖರ್ಚನ್ನು ತಾನು ಭರಿಸುವುದಾಗಿ ಗುತ್ತಿಗೆದಾರನು ಮಾತು ಕೊಟ್ಟಿದ್ದಾನೆ. ಕನ್ನಡದ ನಡಾವಳಿಯಲ್ಲಿ "ಖರ್ಚನ್ನು ನಾನು ಭರಿಸುತ್ತೇನೆ ಎಂದು ಗುತ್ತಿಗೆದಾರರು ತಿಳಿಸಿದರು" ಎಂದು ದಾಖಲಾಗಿದೆ. ಇದರಲ್ಲಿ ಯಾವ ಸಂಶಯವೂ ಇಲ್ಲ. ಆದರೆ ಅಧ್ಯಕ್ಷರ ಸಹಿಯ ಇಂಗ್ಲಿಷ್ ಪತ್ರದಲ್ಲಿ ಅದು ಹೀಗೆ ಬರುತ್ತದೆ: "ದಿ ಕಾಂಟ್ರಾಕ್ಟರ್ ಸೆಡ್ ದಟ್ ಐ ವಿಲ್ ಬೇರ್ ದಿ ಕಾಸ್ಟ್." ಇಂಗ್ಲಿಷಿನ ವ್ಯಾಕರಣದಂತೆ ಈ ವಾಕ್ಯದ 'ಐ' ಗುತ್ತಿಗೆದಾರನಲ್ಲ, ಪತ್ರಕ್ಕೆ ಸಹಿ ಹಾಕಿದವರು. ಅಂದರೆ ಖರ್ಚು ಭರಿಸುವವರು ಅಧ್ಯಕ್ಷರೇ ಎಂಬ ಅರ್ಥ ಬಂತು. ಒಂದೇ ಅಕ್ಷರದ ಪದವೊಂದು ಹೊಣೆಯನ್ನು ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ದಾಟಿಸಿತು.

ಈ ಪಾಠದ ಉದ್ದೇಶ ಇಷ್ಟೇ: ಇಂಥ ಪದವನ್ನು ಕಂಡಾಗ "ಇದು ಯಾರನ್ನು ಸೂಚಿಸುತ್ತದೆ?" ಎಂದು ಕೇಳುವ ಅಭ್ಯಾಸ ಸದಸ್ಯರಲ್ಲಿ ಮೂಡಬೇಕು.

1. ಸರ್ವನಾಮದ ರೂಪಗಳು

ನಾಮಪದದ ಬದಲಿಗೆ ಬಳಸುವ ಪದವೇ ಸರ್ವನಾಮ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳು ಅದರ ಕೆಲಸವನ್ನು ತೋರಿಸುತ್ತವೆ: ನಾನು, ನನ್ನನ್ನು, ನನಗೆ, ನನ್ನ. ಇಂಗ್ಲಿಷಿನಲ್ಲಿ ಪ್ರತ್ಯಯವಿಲ್ಲ, ಪದದ ರೂಪವೇ ಬದಲಾಗುತ್ತದೆ. ಪ್ರತಿಯೊಂದಕ್ಕೂ ಮುಖ್ಯವಾಗಿ ನಾಲ್ಕು ಸ್ಥಾನಗಳಿವೆ: ಕೆಲಸ ಮಾಡುವ ಕರ್ತೃ, ಕೆಲಸಕ್ಕೆ ಗುರಿಯಾಗುವ ಕರ್ಮ, ನಾಮಪದದ ಮುಂದೆ ನಿಂತು ಸಂಬಂಧ ಹೇಳುವ ರೂಪ, ಒಂಟಿಯಾಗಿ ನಿಂತು ಒಡೆತನ ಹೇಳುವ ರೂಪ.

ನಾನು: ಐ, ಮಿ, ಮೈ, ಮೈನ್
ನಾವು: ವಿ, ಅಸ್, ಅವರ್, ಅವರ್ಸ್
ನೀನು, ನೀವು: ಯು, ಯು, ಯುವರ್, ಯುವರ್ಸ್
ಅವನು: ಹಿ, ಹಿಮ್, ಹಿಸ್, ಹಿಸ್
ಅವಳು: ಶಿ, ಹರ್, ಹರ್, ಹರ್ಸ್
ಅದು: ಇಟ್, ಇಟ್, ಇಟ್ಸ್, ಇದರ ಒಂಟಿ ರೂಪ ಬಳಕೆಯಲ್ಲಿ ಅಪರೂಪ
ಅವರು, ಅವು: ದೇ, ದೆಮ್, ದೇರ್, ದೇರ್ಸ್

ಈ ಪಟ್ಟಿಯಲ್ಲಿ ಎರಡು ಸಂಗತಿಗಳನ್ನು ಮೊದಲೇ ಗಮನಿಸಬೇಕು. ಇಂಗ್ಲಿಷಿನ 'ಅವರ್' ಎಂದರೆ 'ನಮ್ಮ'. ಕಿವಿಗೆ ಕನ್ನಡದ 'ಅವರ' ಎಂಬಂತೆ ಕೇಳಿಸಿದರೂ ಅರ್ಥ ನೇರ ವಿರುದ್ಧ. ಎರಡನೆಯದಾಗಿ, 'ಅವರು' ಮತ್ತು 'ಅವು' ಎಂಬ ಭೇದ ಇಂಗ್ಲಿಷಿನಲ್ಲಿಲ್ಲ; ಮನುಷ್ಯರಿಗೂ ವಸ್ತುಗಳಿಗೂ ಬಹುವಚನದಲ್ಲಿ 'ದೇ' ಒಂದೇ.

ಕನ್ನಡದಲ್ಲಿ ಸರ್ವನಾಮವನ್ನು ಬಿಟ್ಟರೂ ವಾಕ್ಯ ನಿಲ್ಲುತ್ತದೆ. "ನಿನ್ನೆ ಬಂದೆ" ಎಂದರೆ ಬಂದವರು ಯಾರೆಂದು ಕ್ರಿಯಾಪದವೇ ಹೇಳುತ್ತದೆ. ಇಂಗ್ಲಿಷಿನ 'ಕೇಮ್' ಎಂಬ ಕ್ರಿಯಾಪದ ಅದನ್ನು ಹೇಳುವುದಿಲ್ಲ. ಬಂದವನು ನಾನೋ ಅವಳೋ ಅವರೋ ಎಂಬುದು ಸರ್ವನಾಮದಿಂದಲೇ ತಿಳಿಯಬೇಕು. ಆದುದರಿಂದ ಅದನ್ನು ಬಿಡುವಂತಿಲ್ಲ, ತಪ್ಪಾಗಿ ಇಡುವಂತೆಯೂ ಇಲ್ಲ.

2. 'ಐ' ಎಲ್ಲಿ, 'ಮಿ' ಎಲ್ಲಿ?

ಒಬ್ಬರೇ ಇದ್ದಾಗ ಈ ತಪ್ಪು ಅಪರೂಪ. ಜೊತೆಗೆ ಇನ್ನೊಬ್ಬರು ಸೇರಿದಾಗ ಗೊಂದಲ ಹುಟ್ಟುತ್ತದೆ. ಈ ಎರಡು ವಾಕ್ಯಗಳನ್ನು ನೋಡಬಹುದು:

"ದಿ ಪ್ರೆಸಿಡೆಂಟ್ ಅಂಡ್ ಐ ಮೆಟ್ ದಿ ಎಂಜಿನಿಯರ್." ಅಧ್ಯಕ್ಷರೂ ನಾನೂ ಎಂಜಿನಿಯರರನ್ನು ಭೇಟಿಯಾದೆವು.
"ದಿ ಎಂಜಿನಿಯರ್ ಮೆಟ್ ದಿ ಪ್ರೆಸಿಡೆಂಟ್ ಅಂಡ್ ಮಿ." ಎಂಜಿನಿಯರರು ಅಧ್ಯಕ್ಷರನ್ನೂ ನನ್ನನ್ನೂ ಭೇಟಿಯಾದರು.

ಪರೀಕ್ಷೆ ಸುಲಭ. ಜೊತೆಯವರನ್ನು ಒಂದು ಕ್ಷಣ ತೆಗೆದುಹಾಕಿ ಓದಬೇಕು. "ಐ ಮೆಟ್ ದಿ ಎಂಜಿನಿಯರ್" ಸರಿ. "ಮಿ ಮೆಟ್" ಎಂದು ಯಾರೂ ಹೇಳುವುದಿಲ್ಲ. "ದಿ ಎಂಜಿನಿಯರ್ ಮೆಟ್ ಮಿ" ಸರಿ. "ಮೆಟ್ ಐ" ತಪ್ಪು. ಇದೇ ಪರೀಕ್ಷೆಯಿಂದ ಹಿ–ಹಿಮ್, ಶಿ–ಹರ್, ವಿ–ಅಸ್, ದೇ–ದೆಮ್ ಜೋಡಿಗಳನ್ನೂ ಆರಿಸಬಹುದು. 'ಟು', 'ಫಾರ್', 'ವಿತ್', 'ಬಿಟ್ವೀನ್' ಮೊದಲಾದ ಪದಗಳ ಬಳಿಕ ಸದಾ ಕರ್ಮದ ರೂಪವೇ ಬರಬೇಕು: "ಬಿಟ್ವೀನ್ ದಿ ಕಾಂಟ್ರಾಕ್ಟರ್ ಅಂಡ್ ಅಸ್".

ಸಭೆಗಳಲ್ಲಿ ಪರಿಚಯ ಹೇಳುವಾಗ "ಮೈಸೆಲ್ಫ್" ಎಂದು ಆರಂಭಿಸುವ ರೂಢಿ ಇದೆ. ಇದು ವ್ಯಾಕರಣಕ್ಕೆ ಒಪ್ಪುವುದಿಲ್ಲ. 'ಮೈಸೆಲ್ಫ್' ಎಂಬುದು 'ಸ್ವತಃ ನಾನೇ' ಅಥವಾ 'ನನ್ನನ್ನು ನಾನೇ' ಎಂಬ ಅರ್ಥದ ಪದ. "ಐ ಮೈಸೆಲ್ಫ್ ಸಾ ದಿ ಬ್ರೋಕನ್ ಪೈಪ್" ಎಂದರೆ "ಒಡೆದ ಕೊಳವೆಯನ್ನು ನಾನೇ ಕಣ್ಣಾರೆ ಕಂಡೆ" ಎಂದಾಗುತ್ತದೆ. ಪರಿಚಯಕ್ಕೆ "ಐ ಆಮ್" ಅಥವಾ "ಮೈ ನೇಮ್ ಈಸ್" ಸಾಕು.

3. 'ನಾವು' ಎಂದರೆ ಯಾರೆಲ್ಲ?

ಪುತ್ತೂರು, ಸುಳ್ಯ, ಕಡಬ ಸೀಮೆಯ ಸದಸ್ಯರಿಗೆ ಈ ವಿಷಯದಲ್ಲಿ ಮನೆಮಾತಿನ ನೆರವೇ ಇದೆ. ತುಳುವಿನಲ್ಲಿ 'ಎಂಕುಲು' ಬೇರೆ, 'ನಮ' ಬೇರೆ. 'ಎಂಕುಲು' ಎಂದರೆ ಕೇಳುವವರನ್ನು ಬಿಟ್ಟು ನಾವು. 'ನಮ' ಎಂದರೆ ಕೇಳುವವರನ್ನೂ ಸೇರಿಸಿ ನಾವು. ಹವ್ಯಕ ಕನ್ನಡದಲ್ಲೂ 'ಎಂಗೊ' ಮತ್ತು 'ನಾವು' ಎಂದು ಇಂಥದೇ ಭೇದವಿದೆ. ಶಿಷ್ಟ ಕನ್ನಡದಲ್ಲಿ ಈ ಭೇದ ಉಳಿದಿಲ್ಲ, ಇಂಗ್ಲಿಷಿನಲ್ಲಿಯೂ ಇಲ್ಲ. ಇಂಗ್ಲಿಷಿನ 'ವಿ' ಎರಡಕ್ಕೂ ಒಂದೇ.

ಪುತ್ತೂರು ಸೀಮೆಯವರೇ ಆದ ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ತುಳುವಿನ ರಚನೆಯ ಬಗ್ಗೆ 1967ರಲ್ಲಿ, ಹವ್ಯಕ ಕನ್ನಡದ ವ್ಯಾಕರಣದ ಬಗ್ಗೆ 1971ರಲ್ಲಿ ಗ್ರಂಥಗಳನ್ನು ಪ್ರಕಟಿಸಿದರು. ಜಗತ್ತಿನ ಹಲವು ಭಾಷೆಗಳ ಸರ್ವನಾಮಗಳನ್ನು ಹೋಲಿಸುವ ಅವರ 'ಪ್ರೊನೌನ್ಸ್' ಎಂಬ ಇಂಗ್ಲಿಷ್ ಗ್ರಂಥ 2004ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯದಿಂದ ಹೊರಬಂದಿತು. ಈ ಊರುಗಳ ಅಂಗಳದಲ್ಲಿ ನಿತ್ಯ ಕೇಳಿಬರುವ ಭೇದಗಳು ವಿದ್ವತ್ತಿನ ಲೋಕದಲ್ಲೂ ಗಮನಾರ್ಹವಾದವು ಎಂಬುದಕ್ಕೆ ಅವರ ಜೀವಮಾನದ ಕೆಲಸವೇ ಸಾಕ್ಷಿ.

ಪತ್ರದಲ್ಲಿ ಇದರ ಪರಿಣಾಮವೇನು? "ವಿ ಶಲ್ ಶೇರ್ ದಿ ಕಾಸ್ಟ್ ಆಫ್ ದಿ ಕಲ್ವರ್ಟ್" ಎಂದು ಪಂಚಾಯತ್ ರೈಲ್ವೆಗೆ ಬರೆದರೆ, ಮೋರಿಯ ಖರ್ಚನ್ನು ಹಂಚಿಕೊಳ್ಳುವ 'ನಾವು' ಯಾರು? ಪಂಚಾಯತ್ ಮತ್ತು ರೈಲ್ವೆಯೋ, ಪಂಚಾಯತ್ ಮತ್ತು ಊರಿನ ಫಲಾನುಭವಿಗಳೋ? ಬರೆದವರ ಮನಸ್ಸಿನಲ್ಲಿ 'ನಮ' ಇದ್ದಿರಬಹುದು. ಓದಿದವರಿಗೆ 'ಎಂಕುಲು' ಎಂದು ಕಾಣಬಹುದು. ಹಣ, ಹೊಣೆ, ಅವಧಿ ಈ ಮೂರರಲ್ಲಿ ಯಾವುದಾದರೂ ವಾಕ್ಯದಲ್ಲಿದ್ದರೆ 'ವಿ' ಎಂದು ಬರೆಯದೆ ಹೆಸರನ್ನೇ ಬರೆಯುವುದು ಕ್ಷೇಮ: "ದಿ ಗ್ರಾಮ ಪಂಚಾಯತ್ ಅಂಡ್ ದಿ ರೈಲ್ವೆ ಶಲ್ ಶೇರ್ ದಿ ಕಾಸ್ಟ್."

4. 'ಅವರು' ಎಂದರೆ 'ದೇ' ಅಲ್ಲದ ಸಂದರ್ಭ

ಕನ್ನಡದ 'ಅವರು' ಎರಡು ಕೆಲಸ ಮಾಡುತ್ತದೆ. ಹಲವರನ್ನು ಹೇಳುತ್ತದೆ, ಗೌರವದಿಂದ ಒಬ್ಬರನ್ನೂ ಹೇಳುತ್ತದೆ. "ಅಧ್ಯಕ್ಷರು ಬಂದರು, ಅವರು ಸಹಿ ಹಾಕಿದರು" ಎಂಬಲ್ಲಿ ಇರುವವರು ಒಬ್ಬರೇ. ಇದನ್ನು "ದೇ ಸೈನ್ಡ್" ಎಂದು ಇಂಗ್ಲಿಷಿಗೆ ತಂದರೆ ಓದುವವರು ಸಹಿ ಹಾಕಿದ ಇನ್ನೊಬ್ಬರನ್ನು ಹುಡುಕುತ್ತಾರೆ. ಅಧ್ಯಕ್ಷರು ಮಹಿಳೆಯಾದರೆ "ಶಿ ಸೈನ್ಡ್", ಪುರುಷರಾದರೆ "ಹಿ ಸೈನ್ಡ್" ಎಂದೇ ಬರೆಯಬೇಕು. ಹಾಗೆ ಬರೆಯುವುದು ಅಗೌರವವಲ್ಲ. ಇಂಗ್ಲಿಷಿನಲ್ಲಿ ಗೌರವವು ಸರ್ವನಾಮದಲ್ಲಿ ಅಡಗಿಲ್ಲ. ಸಂಬೋಧನೆಯಲ್ಲಿ, ಪದವಿಯ ಹೆಸರಿನಲ್ಲಿ, ಪತ್ರದ ಧಾಟಿಯಲ್ಲಿ ಇದೆ. ರಾಷ್ಟ್ರಪತಿಯವರ ಬಗ್ಗೆ ಬರೆಯುವಾಗಲೂ 'ಹಿ' ಅಥವಾ 'ಶಿ' ಎಂದೇ ಬರೆಯುತ್ತಾರೆ.

ಇಲ್ಲಿಯೂ ತುಳು ನೆರವಿಗೆ ಬರುತ್ತದೆ. ತುಳುವಿನಲ್ಲಿ ಒಬ್ಬರನ್ನು ಗೌರವದಿಂದ ಹೇಳಲು 'ಆರ್', ಹಲವರನ್ನು ಹೇಳಲು 'ಅಕುಲು' ಎಂಬುದು ಸಾಮಾನ್ಯ ಬಳಕೆ. ಕನ್ನಡ ಕರಡಿನಲ್ಲಿ 'ಅವರು' ಎಂದಿದ್ದಲ್ಲಿ ಅದನ್ನು ಮನಸ್ಸಿನಲ್ಲೇ ತುಳುವಿಗೆ ತಿರುಗಿಸಿ ನೋಡಬಹುದು. 'ಆರ್' ಎಂದು ಬಂದರೆ 'ಹಿ' ಅಥವಾ 'ಶಿ'. 'ಅಕುಲು' ಎಂದು ಬಂದರೆ 'ದೇ'.

ಇಂಗ್ಲಿಷಿನಲ್ಲೂ ಹಿಂದೆ 'ನೀನು' ಮತ್ತು 'ನೀವು' ಎಂಬ ಭೇದವಿತ್ತು. 'ದೌ' ಎಂಬುದು ಸಲುಗೆಯ ಏಕವಚನ. ಬಹುವಚನದ ರೂಪವನ್ನು ಗೌರವಕ್ಕೂ ಬಳಸುತ್ತಿದ್ದರು. 17ನೇ ಶತಮಾನದ ಹೊತ್ತಿಗೆ 'ದೌ' ಸಾಮಾನ್ಯ ಮಾತಿನಿಂದ ಹೆಚ್ಚುಕಡಿಮೆ ಮರೆಯಾಯಿತು. ಗೌರವದ ರೂಪವೇ ಎಲ್ಲರಿಗೂ ಸಂದಿತು. ಆದುದರಿಂದ ಮೇಲಧಿಕಾರಿಗೆ 'ಯು' ಎಂದು ಬರೆಯಲು ಅಳುಕಬೇಕಾಗಿಲ್ಲ.

5. 'ಹಿ' ಮಾತ್ರವೇ ಇದ್ದರೆ ಮಹಿಳೆ ಸೇರುವುದಿಲ್ಲವೇ?

ಹಳೆಯ ಕಾಯಿದೆಗಳ ಇಂಗ್ಲಿಷ್ ಪಾಠದಲ್ಲಿ ಅಧಿಕಾರಿ, ಅಧ್ಯಕ್ಷ, ಅರ್ಜಿದಾರ ಎಲ್ಲರಿಗೂ 'ಹಿ' ಎಂಬ ಒಂದೇ ಪದ ಕಾಣಸಿಗುತ್ತದೆ. ಇದನ್ನು ಓದಿ ಮಹಿಳಾ ಸದಸ್ಯರು ತಮಗೆ ಆ ಅಧಿಕಾರವಿಲ್ಲವೆಂದು ತಿಳಿಯಬಾರದು. ಬೇರೆ ಯಾರಾದರೂ ಹಾಗೆ ವಾದಿಸಿದರೂ ಒಪ್ಪಬಾರದು. 1897ರ ಸಾಮಾನ್ಯ ಖಂಡಗಳ ಕಾಯಿದೆಯ 13ನೇ ಪ್ರಕರಣದಂತೆ, ವಿಷಯ ಅಥವಾ ಸಂದರ್ಭಕ್ಕೆ ವಿರುದ್ಧವಾಗದಿದ್ದರೆ, ಕೇಂದ್ರದ ಕಾಯಿದೆಗಳಲ್ಲಿ ಪುಲ್ಲಿಂಗದ ಪದವು ಸ್ತ್ರೀಯರನ್ನೂ ಒಳಗೊಳ್ಳುತ್ತದೆ. ಏಕವಚನವು ಬಹುವಚನವನ್ನೂ, ಬಹುವಚನವು ಏಕವಚನವನ್ನೂ ಒಳಗೊಳ್ಳುತ್ತದೆ. ರಾಜ್ಯದ ಕಾಯಿದೆಗಳ ಅರ್ಥೈಸುವಿಕೆಗೆ 1899ರ ಕರ್ನಾಟಕ ಸಾಮಾನ್ಯ ಖಂಡಗಳ ಕಾಯಿದೆ ಇದೆ. ಅದರಲ್ಲೂ ಇಂಥದೇ ನಿಯಮವಿದೆ.

ಆದರೆ ಇದು ಕಾಯಿದೆಯನ್ನು ಓದುವ ಕ್ರಮವೇ ಹೊರತು ಪತ್ರ ಬರೆಯುವ ಕ್ರಮವಲ್ಲ. ಸಂವಿಧಾನದ 243ಡಿ ವಿಧಿಯು ಪಂಚಾಯತುಗಳಲ್ಲಿ ಮಹಿಳೆಯರಿಗೆ ಮೂರನೇ ಒಂದಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳನ್ನು ಮೀಸಲಿಟ್ಟಿತು. ಕರ್ನಾಟಕವು 2010ರ ತಿದ್ದುಪಡಿಯಿಂದ ಅದನ್ನು ಅರ್ಧಕ್ಕೆ ಏರಿಸಿತು. ಅಧ್ಯಕ್ಷರ ಸ್ಥಾನಗಳಿಗೂ ಮಹಿಳಾ ಮೀಸಲಾತಿ ಇದೆ. ಹೀಗಿರುವಾಗ ಹಳೆಯ ಮಾದರಿ ಪತ್ರವನ್ನು ನಕಲು ಮಾಡಿ, ಮಹಿಳಾ ಅಧ್ಯಕ್ಷರ ಬಗ್ಗೆ "ದಿ ಪ್ರೆಸಿಡೆಂಟ್ ಇನ್ ಹಿಸ್ ಲೆಟರ್" ಎಂದು ಬರೆಯುವುದು ಬರಿಯ ವ್ಯಾಕರಣದೋಷವಲ್ಲ. ಆ ಸ್ಥಾನದಲ್ಲಿ ಕುಳಿತಿರುವವರು ಯಾರೆಂಬ ವಾಸ್ತವವನ್ನೇ ಅದು ತಪ್ಪಾಗಿ ದಾಖಲಿಸುತ್ತದೆ. ನಿರ್ದಿಷ್ಟ ವ್ಯಕ್ತಿಯ ಬಗ್ಗೆ ಬರೆಯುವಾಗ ಅವರಿಗೆ ಸಲ್ಲುವ ಸರ್ವನಾಮವನ್ನೇ ಬಳಸಬೇಕು: "ದಿ ಪ್ರೆಸಿಡೆಂಟ್ ಇನ್ ಹರ್ ಲೆಟರ್".

ವ್ಯಕ್ತಿ ಯಾರೆಂದು ಗೊತ್ತಿಲ್ಲದಾಗ ಮೂರು ದಾರಿಗಳಿವೆ. ಮೊದಲನೆಯದು, ಎರಡನ್ನೂ ಹೇಳುವುದು: "ದಿ ಅಪ್ಲಿಕಂಟ್ ಶಲ್ ಅಟಾಚ್ ಹಿಸ್ ಆರ್ ಹರ್ ಫೋಟೋ." ಎರಡನೆಯದು, ವಾಕ್ಯವನ್ನೇ ಬಹುವಚನ ಮಾಡುವುದು: "ಅಪ್ಲಿಕಂಟ್ಸ್ ಶಲ್ ಅಟಾಚ್ ದೇರ್ ಫೋಟೋಸ್." ಮೂರನೆಯದು, ಒಬ್ಬರ ಬಗ್ಗೆಯೇ 'ದೇ', 'ದೇರ್' ಎನ್ನುವುದು. ಈ ಬಳಕೆ ಇಂಗ್ಲಿಷಿನಲ್ಲಿ 14ನೇ ಶತಮಾನದಿಂದಲೂ ಇದೆ, ಇಂದು ವ್ಯಾಪಕವಾಗಿಯೂ ಇದೆ. ಆದರೂ ಪಂಚಾಯತಿನ ನಮೂನೆ, ಪ್ರಕಟಣೆಗಳಿಗೆ ಎರಡನೆಯ ದಾರಿಯೇ ಹೆಚ್ಚು ಅನುಕೂಲ. ಅದರಲ್ಲಿ ಸಂಖ್ಯೆಯ ಗೊಂದಲವೂ ಇಲ್ಲ, ಯಾರನ್ನೂ ಬಿಟ್ಟಂತೆಯೂ ಆಗುವುದಿಲ್ಲ.

6. ಪಂಚಾಯತ್ 'ಇಟ್', ಅಧ್ಯಕ್ಷರು 'ಐ'

ಗ್ರಾಮ ಪಂಚಾಯತ್ ಎಂಬುದು ಕಾನೂನಿನ ದೃಷ್ಟಿಯಲ್ಲಿ ಒಂದು ನಿಗಮಿತ ಸಂಸ್ಥೆ. ಸದಸ್ಯರು ಬದಲಾದರೂ ಅದು ಮುಂದುವರಿಯುತ್ತದೆ. ತನ್ನ ಹೆಸರಿನಲ್ಲೇ ಆಸ್ತಿ ಹೊಂದುತ್ತದೆ, ದಾವೆ ಹೂಡುತ್ತದೆ. ಆದುದರಿಂದ ಭಾರತೀಯ ಆಡಳಿತದ ಇಂಗ್ಲಿಷಿನಲ್ಲಿ ಅದಕ್ಕೆ ಸಲ್ಲುವ ಸರ್ವನಾಮ 'ಇಟ್': "ದಿ ಗ್ರಾಮ ಪಂಚಾಯತ್ ಹ್ಯಾಸ್ ಪಾಸ್ಡ್ ದಿ ರೆಸೊಲ್ಯೂಷನ್ ಅಟ್ ಇಟ್ಸ್ ಮೀಟಿಂಗ್." ಒಂದೇ ಪತ್ರದಲ್ಲಿ ಒಮ್ಮೆ 'ಇಟ್', ಒಮ್ಮೆ 'ದೇ', ಒಮ್ಮೆ 'ವಿ' ಎಂದು ಬದಲಾಯಿಸುತ್ತ ಹೋಗಬಾರದು. ಬರೆಯುವಾಗ 'ಇಟ್ಸ್' ಪದಕ್ಕೆ ಎರಡು ರೂಪಗಳಿವೆ. ಕೊನೆಯ ಅಕ್ಷರಕ್ಕೆ ಮೊದಲು ಲೋಪಚಿಹ್ನೆ ಇದ್ದರೆ ಅದು 'ಇಟ್ ಈಸ್' ಅಥವಾ 'ಇಟ್ ಹ್ಯಾಸ್' ಎಂಬುದರ ಸಂಕ್ಷೇಪ. ಚಿಹ್ನೆ ಇಲ್ಲದಿದ್ದರೆ 'ಅದರ' ಎಂದು ಅರ್ಥ. ಕಚೇರಿ ಪತ್ರದಲ್ಲಿ ಸಂಕ್ಷೇಪಗಳನ್ನು ಬಳಸುವುದಿಲ್ಲವಾದ್ದರಿಂದ ಅಲ್ಲಿ ಲೋಪಚಿಹ್ನೆಯಿಲ್ಲದ ರೂಪವೇ ಬರತಕ್ಕದ್ದು.

ಸಭೆಯ ನಿರ್ಣಯವನ್ನು ತಿಳಿಸುವಾಗ ಅಧ್ಯಕ್ಷರ ಪತ್ರದಲ್ಲಿ "ಐ ಅಗ್ರೀ" ಎಂದಿರಬಾರದು. ಒಪ್ಪಿದ್ದು ಸಭೆ, ತಿಳಿಸುವವರು ಅಧ್ಯಕ್ಷರು. "ಐ ಆಮ್ ಟು ಇನ್ಫಾರ್ಮ್ ಯು ದಟ್ ದಿ ಗ್ರಾಮ ಪಂಚಾಯತ್ ಹ್ಯಾಸ್ ಅಗ್ರೀಡ್" ಎಂದರೆ ಎರಡೂ ಸ್ಥಾನಗಳು ಸ್ಪಷ್ಟವಾಗುತ್ತವೆ.

7. 'ಹೂ', 'ಹೂಮ್', 'ವಿಚ್'

"ಪಂಚಾಯತ್ ನೇಮಿಸಿದ ನೀರುಗಂಟಿ" ಎಂದು ಕನ್ನಡದಲ್ಲಿ ಕೃದಂತದಿಂದಲೇ ಹೇಳಬಹುದು. ಇಂಗ್ಲಿಷಿನಲ್ಲಿ ಇದಕ್ಕೆ ಸಂಬಂಧ ಸೂಚಿಸುವ ಸರ್ವನಾಮವನ್ನು ಬಳಸುವುದು ರೂಢಿ. ಮನುಷ್ಯರಿಗೆ 'ಹೂ' ಮತ್ತು 'ಹೂಮ್', ವಸ್ತುಗಳಿಗೂ ಸಂಸ್ಥೆಗಳಿಗೂ 'ವಿಚ್'.

"ದಿ ವಾಟರ್‌ಮನ್ ಹೂ ರಿಪೇರ್ಡ್ ದಿ ಪಂಪ್": ಪಂಪನ್ನು ದುರಸ್ತಿ ಮಾಡಿದ ನೀರುಗಂಟಿ. ಅವನು ದುರಸ್ತಿ ಮಾಡಿದ. 'ಹಿ' ಬರುವ ಜಾಗದಲ್ಲಿ 'ಹೂ'.
"ದಿ ವಾಟರ್‌ಮನ್ ಹೂಮ್ ದಿ ಪಂಚಾಯತ್ ಅಪಾಯಿಂಟೆಡ್": ಪಂಚಾಯತ್ ನೇಮಿಸಿದ ನೀರುಗಂಟಿ. ಅವನನ್ನು ನೇಮಿಸಿತು, 'ಹಿಮ್' ಬರುವ ಜಾಗದಲ್ಲಿ 'ಹೂಮ್'.

'ಹಿಮ್' ಮತ್ತು 'ಹೂಮ್' ಎರಡೂ ಒಂದೇ ವ್ಯಂಜನದಲ್ಲಿ ಮುಗಿಯುತ್ತವೆ ಎಂದು ನೆನಪಿಟ್ಟರೆ ಈ ಜೋಡಿ ಮರೆಯುವುದಿಲ್ಲ.

8. 'ತಾನು' ಇಲ್ಲದ ಭಾಷೆ

ಈ ಪಾಠದ ಮುಖ್ಯ ಭಾಗ ಇದು. ಕನ್ನಡದಲ್ಲಿ ಒಬ್ಬರ ಮಾತನ್ನು ವರದಿ ಮಾಡಲು ಎರಡು ಕ್ರಮಗಳಿವೆ. "ನಾನು ಭರಿಸುತ್ತೇನೆ ಎಂದು ಗುತ್ತಿಗೆದಾರನು ಹೇಳಿದನು" ಎಂಬುದು ಒಂದು. "ತಾನು ಭರಿಸುವುದಾಗಿ ಗುತ್ತಿಗೆದಾರನು ಹೇಳಿದನು" ಎಂಬುದು ಇನ್ನೊಂದು. ಮೊದಲನೆಯದರಲ್ಲಿ 'ಎಂದು' ಎಂಬ ಪದವೇ ಗೋಡೆಯಂತೆ ನಿಂತು, ಆಚೆಗಿನ 'ನಾನು' ಗುತ್ತಿಗೆದಾರನೆಂದು ತೋರಿಸುತ್ತದೆ. ಎರಡನೆಯದರಲ್ಲಿ 'ತಾನು' ಎಂಬ ಪದ ಮಾತಾಡಿದವನ ಕಡೆಗೇ ತಿರುಗುತ್ತದೆ.

ಇಂಗ್ಲಿಷಿನಲ್ಲಿ ಈ ಎರಡೂ ಅನುಕೂಲಗಳಿಲ್ಲ. 'ದಟ್' ಎಂಬುದು 'ಎಂದು' ಪದದಂತೆ ಕಂಡರೂ ಅದರ ಕೆಲಸ ಮಾಡುವುದಿಲ್ಲ. 'ದಟ್' ಬಂದ ಮೇಲೆ 'ಐ' ಪದವು 'ಹಿ' ಆಗಬೇಕು, 'ವಿಲ್' ಪದವು ಸಾಮಾನ್ಯವಾಗಿ 'ವುಡ್' ಆಗಬೇಕು: "ದಿ ಕಾಂಟ್ರಾಕ್ಟರ್ ಸೆಡ್ ದಟ್ ಹಿ ವುಡ್ ಬೇರ್ ದಿ ಕಾಸ್ಟ್." ಪೀಠಿಕೆಯಲ್ಲಿ ಕಂಡ ತಪ್ಪಿನ ಮೂಲ ಇಲ್ಲಿದೆ. 'ಎಂದು' ಇದ್ದಲ್ಲಿ 'ದಟ್' ಇಟ್ಟು, ಉಳಿದುದನ್ನು ಹಾಗೆಯೇ ಬಿಟ್ಟದ್ದು ಅದಕ್ಕೆ ಕಾರಣ.

'ತಾನು' ಇಲ್ಲದ್ದರಿಂದ ಇನ್ನೂ ಒಂದು ತೊಡಕು ಹುಟ್ಟುತ್ತದೆ. "ದಿ ಪಂಚಾಯತ್ ಟೋಲ್ಡ್ ದಿ ಕಂಪೆನಿ ದಟ್ ಇಟ್ ವುಡ್ ರಿಪೇರ್ ದಿ ಡ್ರೈನ್." ಇಲ್ಲಿ 'ಇಟ್' ಯಾರು? ಪಂಚಾಯತಿಗೂ 'ಇಟ್', ಕಂಪೆನಿಗೂ 'ಇಟ್'. ಚರಂಡಿಯನ್ನು ದುರಸ್ತಿ ಮಾಡುವವರು ಯಾರೆಂಬುದು ಈ ವಾಕ್ಯದಿಂದ ತೀರ್ಮಾನವಾಗುವುದಿಲ್ಲ. ಮುಂದೆ ವ್ಯಾಜ್ಯವಾದರೆ ಇಬ್ಬರೂ ಇದೇ ವಾಕ್ಯವನ್ನು ತಮ್ಮ ಪರವಾಗಿ ಓದಬಹುದು. ಪರಿಹಾರ ಒಂದೇ: ಸರ್ವನಾಮವನ್ನು ತೆಗೆದು ನಾಮಪದವನ್ನೇ ಮತ್ತೆ ಬರೆಯುವುದು. "ದಿ ಪಂಚಾಯತ್ ಟೋಲ್ಡ್ ದಿ ಕಂಪೆನಿ ದಟ್ ದಿ ಕಂಪೆನಿ ಮಸ್ಟ್ ರಿಪೇರ್ ದಿ ಡ್ರೈನ್." ಕಥೆ ಬರೆಯುವವರಿಗೆ ಪುನರುಕ್ತಿ ದೋಷವೆನಿಸಬಹುದು, ಕರಾರು, ನೋಟೀಸು, ನಿರ್ಣಯಗಳನ್ನು ಬರೆಯುವವರಿಗೆ ಅದು ರಕ್ಷಣೆ.

'ದಿಸ್' ಪದಕ್ಕೂ ಈ ಮಾತು ಅನ್ವಯಿಸುತ್ತದೆ. "ದಿಸ್ ಮಸ್ಟ್ ಬಿ ಸ್ಟಾಪ್ಡ್" ಎಂದರೆ ನಿಲ್ಲಿಸಬೇಕಾದುದು ಕಾಮಗಾರಿಯೋ, ನೀರಿನ ಹರಿವೋ, ಹಣ ಪಾವತಿಯೋ? "ದಿಸ್ ವರ್ಕ್", "ದಿಸ್ ಪೇಮೆಂಟ್" ಎಂದು ಪಕ್ಕದಲ್ಲೊಂದು ನಾಮಪದ ಇಟ್ಟರೆ ಸಂಶಯ ಉಳಿಯುವುದಿಲ್ಲ.

9. ಒಂದು ಮಾದರಿ

ಕನ್ನಡ ಕರಡು: "ಹೆದ್ದಾರಿ ಬದಿಯ ಚರಂಡಿ ಕಟ್ಟಿಹೋಗಿದೆ. ಶಾಲೆಯ ಅಂಗಳಕ್ಕೆ ನೀರು ನುಗ್ಗುತ್ತಿದೆ. ಅಧ್ಯಕ್ಷರು ಎಂಜಿನಿಯರರನ್ನು ಭೇಟಿಯಾದಾಗ, ನಾನು ಸ್ಥಳಕ್ಕೆ ಬರುತ್ತೇನೆ ಎಂದು ಅವರು ಹೇಳಿದ್ದರು. ಮಳೆಗಾಲಕ್ಕೆ ಮೊದಲು ಅದನ್ನು ಸರಿಪಡಿಸಬೇಕು."

ದೋಷವುಳ್ಳ ಇಂಗ್ಲಿಷ್: "ವೆನ್ ದಿ ಪ್ರೆಸಿಡೆಂಟ್ ಮೆಟ್ ದಿ ಎಂಜಿನಿಯರ್, ದೇ ಸೆಡ್ ದಟ್ ಐ ವಿಲ್ ವಿಸಿಟ್ ದಿ ಸ್ಪಾಟ್. ವಿ ಮಸ್ಟ್ ರಿಪೇರ್ ಇಟ್ ಬಿಫೋರ್ ದಿ ಮಾನ್ಸೂನ್."

ಇದರಲ್ಲಿ ನಾಲ್ಕು ದೋಷಗಳಿವೆ. 'ದೇ' ಎಂದುದರಿಂದ ಎಂಜಿನಿಯರ್ ಹಲವರಾದರು. 'ಐ' ಎಂದುದರಿಂದ ಸ್ಥಳಕ್ಕೆ ಬರುವವರು ಪತ್ರ ಬರೆದವರೇ ಆದರು. 'ವಿ' ಎಂದುದರಿಂದ ದುರಸ್ತಿಯ ಹೊಣೆ ಪಂಚಾಯತಿನ ಮೇಲೆ ಬಂತು. 'ಇಟ್' ಪದಕ್ಕೆ ಅತಿ ಸಮೀಪದ ನಾಮಪದ 'ಸ್ಪಾಟ್' ಆದುದರಿಂದ ಸರಿಪಡಿಸಬೇಕಾದುದು ಚರಂಡಿಯೆಂಬುದು ಮಸುಕಾಯಿತು. ಕೊನೆಗೆ ಮನವಿಯು ಮನವಿಯಾಗಿ ಉಳಿಯದೆ ಪಂಚಾಯತ್ ತಾನೇ ಒಪ್ಪಿಕೊಂಡ ಕೆಲಸವಾಯಿತು.

ತಿದ್ದಿದ ಇಂಗ್ಲಿಷ್: "ವೆನ್ ದಿ ಪ್ರೆಸಿಡೆಂಟ್ ಮೆಟ್ ದಿ ಎಂಜಿನಿಯರ್, ದಿ ಎಂಜಿನಿಯರ್ ಟೋಲ್ಡ್ ಹರ್ ದಟ್ ಹಿ ವುಡ್ ವಿಸಿಟ್ ದಿ ಸ್ಪಾಟ್. ದಿ ಗ್ರಾಮ ಪಂಚಾಯತ್ ರಿಕ್ವೆಸ್ಟ್ಸ್ ಯುವರ್ ಆಫೀಸ್ ಟು ರಿಪೇರ್ ದಿ ಡ್ರೈನ್ ಬಿಫೋರ್ ದಿ ಮಾನ್ಸೂನ್." ಇಲ್ಲಿ ಅಧ್ಯಕ್ಷರು ಮಹಿಳೆ, ಎಂಜಿನಿಯರ್ ಪುರುಷರು ಎಂದು ಭಾವಿಸಲಾಗಿದೆ.

10. ಅಭ್ಯಾಸ

ಸದಸ್ಯರು ಕೆಳಗಿನ ವಾಕ್ಯಗಳಲ್ಲಿ ಸರಿಯಾದ ಪದವನ್ನು ಆರಿಸತಕ್ಕದ್ದು. ಉತ್ತರಗಳನ್ನು ನೋಡುವ ಮೊದಲು ಪ್ರತಿಯೊಂದಕ್ಕೂ ಕಾರಣವನ್ನು ಬಾಯಲ್ಲಿ ಹೇಳಿಕೊಂಡರೆ ಪಾಠ ಗಟ್ಟಿಯಾಗುತ್ತದೆ.

ಒಂದು: "ದಿ ಬ್ಯಾಂಕ್ ಮ್ಯಾನೇಜರ್ ಕಾಲ್ಡ್ ದಿ ಸೆಕ್ರೆಟರಿ ಅಂಡ್ ______." ಐ ಅಥವಾ ಮಿ?
ಎರಡು: "ದಿ ಕಮಿಟಿ ಸಬ್ಮಿಟೆಡ್ ______ ರಿಪೋರ್ಟ್." ಇಟ್ಸ್ ಅಥವಾ ಹಿಸ್?
ಮೂರು: ಉಪಾಧ್ಯಕ್ಷರು ಮಹಿಳೆ. "ದಿ ವೈಸ್ ಪ್ರೆಸಿಡೆಂಟ್ ಸೆಡ್ ದಟ್ ______ ವುಡ್ ಅಟೆಂಡ್." ಐ, ಶಿ ಅಥವಾ ದೇ?
ನಾಲ್ಕು: "ದಿ ವರ್ಕರ್ಸ್ ______ ದಿ ಪಂಚಾಯತ್ ಪೇಯ್ಡ್ ಹ್ಯಾವ್ ಸೈನ್ಡ್." ಹೂ ಅಥವಾ ಹೂಮ್?
ಐದು: "ದಿ ಓನರ್ ಟೋಲ್ಡ್ ದಿ ಟೆನಂಟ್ ದಟ್ ಹಿ ಮಸ್ಟ್ ಪೇ ದಿ ವಾಟರ್ ಬಿಲ್." ನೀರಿನ ಬಿಲ್ಲು ಕಟ್ಟಬೇಕಾದವರು ಯಾರು?

ಉತ್ತರಗಳು. ಒಂದು: ಮಿ, ಕಾರ್ಯದರ್ಶಿಯನ್ನು ತೆಗೆದು ಓದಿದರೆ "ಕಾಲ್ಡ್ ಮಿ" ಮಾತ್ರ ನಿಲ್ಲುತ್ತದೆ. ಎರಡು: ಇಟ್ಸ್, ಲೋಪಚಿಹ್ನೆಯಿಲ್ಲದ ರೂಪ, ಸಮಿತಿ ಒಂದು ಸಂಸ್ಥೆ. ಮೂರು: ಶಿ, ವರದಿಯ ವಾಕ್ಯದಲ್ಲಿ 'ಐ' ನಿಲ್ಲದು, ಒಬ್ಬರೇ ಆದುದರಿಂದ 'ದೇ' ಬೇಡ. ನಾಲ್ಕು: ಹೂಮ್, ಪಂಚಾಯತ್ ಅವರಿಗೆ ಕೊಟ್ಟಿತು, 'ದೆಮ್' ಬರುವ ಜಾಗವಿದು. ಐದು: ವಾಕ್ಯದಿಂದ ಹೇಳಲಾಗದು. ಇಂಥ ವಾಕ್ಯಕ್ಕೆ ಉತ್ತರ ಊಹಿಸಬಾರದು. ಮಾಲೀಕನೋ ಬಾಡಿಗೆದಾರನೋ ಎಂದು ಹೆಸರಿಸಿ ತಿದ್ದಿ ಬರೆಯಬೇಕು.

11. ಸಭೆಯಲ್ಲಿ ಅನುಸರಿಸಬಹುದಾದ ಕ್ರಮ

ಇಂಗ್ಲಿಷ್ ಪತ್ರ ಕಳುಹಿಸಬೇಕಾದಾಗ ಮೊದಲು ಕನ್ನಡದ ಕರಡನ್ನು ಸಭೆಯಲ್ಲಿ ಓದಿ ಒಪ್ಪಿಗೆ ಪಡೆಯುವುದು. ಕರಡಿನ ನಾನು, ನಾವು, ಅವರು, ಅದು ಎಂಬ ಪದಗಳಿಗೆಲ್ಲ ಅಡಿಗೆರೆ ಎಳೆದು, ಪ್ರತಿಯೊಂದರ ಮೇಲೆ ಅದು ಸೂಚಿಸುವ ಹೆಸರನ್ನು ಬರೆಯುವುದು. ಇಂಗ್ಲಿಷ್ ಪ್ರತಿ ಸಿದ್ಧವಾದ ಮೇಲೆ ಪಂಚಾಯತ್ ಅಭಿವೃದ್ಧಿ ಅಧಿಕಾರಿಯವರು ಅದನ್ನು ವಾಕ್ಯ ವಾಕ್ಯವಾಗಿ ಕನ್ನಡದಲ್ಲಿ ಸದಸ್ಯರಿಗೆ ವಿವರಿಸುವುದು. ಹೆಸರು ಹೊಂದದಿದ್ದಲ್ಲಿ ಸರ್ವನಾಮವನ್ನು ತೆಗೆದು ನಾಮಪದವನ್ನು ಇಡುವುದು. ಪತ್ರದ ಕನ್ನಡ ಪ್ರತಿಯನ್ನು ಇಂಗ್ಲಿಷ್ ಪ್ರತಿಯೊಡನೆ ಕಡತದಲ್ಲಿ ಇರಿಸುವುದು.

ಇಂಗ್ಲಿಷ್ ಓದಲು ಬಾರದ ಸದಸ್ಯರೂ ಈ ಕೆಲಸದಲ್ಲಿ ಪೂರ್ಣವಾಗಿ ಪಾಲ್ಗೊಳ್ಳಬಹುದು. ಹೊರಗಿನಿಂದ ಬಂದ ಪತ್ರವನ್ನು ಸಭೆಯಲ್ಲಿ ಓದುವಾಗ "ಇಲ್ಲಿ 'ಇಟ್' ಎಂದರೆ ಯಾರು? ಈ 'ವಿ' ಎಂಕುಲೋ ನಮವೋ?" ಎಂದು ಕೇಳಲು ಯಾವ ಪದವಿಯೂ ಬೇಕಾಗಿಲ್ಲ. ಆ ಪ್ರಶ್ನೆಗೆ ಸಭೆಯಲ್ಲಿ ಉತ್ತರ ದೊರೆಯದಿದ್ದರೆ ಪತ್ರ ಇನ್ನೂ ಸಹಿಗೆ ಸಿದ್ಧವಾಗಿಲ್ಲವೆಂದೇ ತಿಳಿಯತಕ್ಕದ್ದು.